ಲೂವೆನ್‌ನ ಕೊನೆಯ ಕಿಲೋಮೀಟರ್: ಎಲಿಸಾ ಬಾಲ್ಸಮೊ ಗೆದ್ದದ್ದು ಹೇಗೆ?

2021ರ ಸೆಪ್ಟೆಂಬರ್ 25. ಮಹಿಳೆಯರ ವಿಶ್ವ ರೋಡ್ ಚಾಂಪಿಯನ್‌ಷಿಪ್. ಬೆಲ್ಜಿಯಂನ ಆಂಟ್ವರ್ಪ್‌ನಿಂದ ಹೊರಟ ರೇಸ್ 157.7 ಕಿಲೋಮೀಟರ್ ಓಡಿ ಲೂವೆನ್ ಊರಲ್ಲಿ ಮುಗಿಯಿತು. ಮೊದಲು ಗೆರೆ ದಾಟಿದ್ದು ಇಟಲಿಯ ಎಲಿಸಾ ಬಾಲ್ಸಮೊ, ವಯಸ್ಸು 23. ಎರಡನೆಯವಳು ನೆದರ್‌ಲ್ಯಾಂಡ್ಸ್‌ನ ಮರಿಯಾನ್ ವೋಸ್. ಮೂರನೆಯವಳು ಪೋಲೆಂಡ್‌ನ ಕಟಾಜಿನಾ ನ್ಯೆವ್ಯಾದೋಮಾ.

ಸೈಕಲ್ ರೇಸ್ ನೋಡುವವರಿಗೆ ವೋಸ್ ಹೆಸರು ಹೊಸದಲ್ಲ. ಅವಳು ಆ ಹೊತ್ತಿಗಾಗಲೇ ಮೂರು ಸಲ ವಿಶ್ವ ರೋಡ್ ಚಾಂಪಿಯನ್ ಆಗಿದ್ದವಳು: 2006, 2012, 2013. ಮಹಿಳಾ ಸೈಕ್ಲಿಂಗ್‌ನಲ್ಲಿ ಅವಳಷ್ಟು ಗೆದ್ದವರು ಇನ್ನೊಬ್ಬರಿಲ್ಲ ಅಂದರೂ ತಪ್ಪಾಗದು. ಅವಳ ಹಿಂದೆ ನಿಂತಿದ್ದು ಡಚ್ ತಂಡ. 2017ರಿಂದ 2020ರವರೆಗೆ ಸತತ ನಾಲ್ಕು ವರ್ಷ ಈ ಪಟ್ಟ ಬಿಟ್ಟುಕೊಡದ ತಂಡ ಅದು. ಬಾಲ್ಸಮೊ ಆಗ ಆಡುತ್ತಿದ್ದದ್ದು ವಾಲ್ಕಾರ್ ಅನ್ನುವ ಇಟಲಿಯ ಸಣ್ಣ ತಂಡಕ್ಕೆ. ಅತಿ ಮೇಲಿನ ವರ್ಲ್ಡ್ ಟೂರ್ ದರ್ಜೆಯೂ ಇಲ್ಲದ, ಒಂದು ಮೆಟ್ಟಿಲು ಕೆಳಗಿನ ಕಾಂಟಿನೆಂಟಲ್ ತಂಡ.

ಹಾಗಿದ್ದರೆ ಅವಳು ಗೆದ್ದದ್ದು ಹೇಗೆ? ಈ ಬರಹ ಇರುವುದು ಆ ಒಂದು ಪ್ರಶ್ನೆಗೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಗೆಲುವಿನ ಅರ್ಧ ಭಾಗ ತಯಾರಾದದ್ದು ರಸ್ತೆಯ ಮೇಲಲ್ಲ, ಮರದ ಹಲಗೆಯ ಟ್ರ್ಯಾಕ್ ಮೇಲೆ. ಉಳಿದ ಅರ್ಧ ಇನ್ನೊಬ್ಬ ಎಲಿಸಾ ಕೊಟ್ಟದ್ದು.

ಆ ಕೊನೆಯ ಕಿಲೋಮೀಟರ್

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾರರು ತಮ್ಮ ಕಂಪನಿ ತಂಡಗಳಿಗೆ ಆಡುವುದಿಲ್ಲ, ದೇಶಕ್ಕೆ ಆಡುತ್ತಾರೆ. ವರ್ಷವಿಡೀ ಎದುರಾಳಿಗಳಾಗಿದ್ದವರು ಆ ಒಂದು ದಿನ ಒಂದೇ ಬಣ್ಣದ ಜರ್ಸಿ ಹಾಕಿಕೊಂಡು ಒಟ್ಟಿಗೆ ಓಡಬೇಕು. ಇನ್ನೊಂದು ಕಷ್ಟವೂ ಇದೆ. ಮಾಮೂಲಿ ರೇಸ್‌ಗಳಲ್ಲಿ ಕಿವಿಯಲ್ಲಿ ರೇಡಿಯೊ ಇರುತ್ತದೆ. ಹಿಂದಿನ ಕಾರಿನಲ್ಲಿ ಕೂತ ಡೈರೆಕ್ಟರ್ ಎಲ್ಲವನ್ನೂ ಹೇಳುತ್ತಿರುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೇಡಿಯೊ ಇಲ್ಲ. ಬೆಳಿಗ್ಗೆ ಮಾಡಿದ ಪ್ಲಾನ್, ಕಣ್ಣಿಗೆ ಕಂಡದ್ದು, ಪಕ್ಕದವಳು ಕೂಗಿ ಹೇಳಿದ್ದು, ಇಷ್ಟೇ ಆಧಾರ.

ಲೂವೆನ್ ದಾರಿ ಗೆರೆಯ ಹತ್ತಿರ ವೇಗ ಹೆಚ್ಚಿಸಿ ಗೆಲ್ಲುವ ಸ್ಪ್ರಿಂಟರ್‌ಗಳಿಗೆ ಸುಲಭದ್ದಲ್ಲ. ಊರೊಳಗೆ ಚಿಕ್ಕ ಚಿಕ್ಕ ದಿಬ್ಬಗಳು, ಒಂದರ ಹಿಂದೆ ಒಂದು ತಿರುವು. ಊರ ಹೊರಗೆ ಸ್ಮೈಸ್‌ಬರ್ಗ್, ಮೊಸ್ಕೆಸ್‌ಸ್ಟ್ರಾಟ್ ತರಹದ ಕಡಿದಾದ ಏರುಗಳು. ಪ್ರತಿ ದಿಬ್ಬದಲ್ಲೂ ಯಾರಾದರೂ ಗುಂಪು ಬಿಟ್ಟು ಮುಂದಕ್ಕೆ ಜಿಗಿಯುತ್ತಾರೆ. ಡಚ್ಚರ ಹತ್ತಿರ ಜಿಗಿಯುವವರು ಎಷ್ಟು ಜನ ಬೇಕಿದ್ದರೂ ಇದ್ದರು. ಆ್ಯನೆಮಿಕ್ ವಾನ್ ಫ್ಲೂಟೆನ್, ಡೆಮಿ ವೊಲರಿಂಗ್, ಎಲೆನ್ ವಾನ್ ಡೈಕ್. ಹಿಂದಿನ ವರ್ಷದ ಚಾಂಪಿಯನ್ ಆ್ಯನಾ ವಾನ್ ಡೆರ್ ಬ್ರೆಗನ್ ಕೂಡ ಇದ್ದಳು. ಅವಳಿಗೆ ಅದು ನಿವೃತ್ತಿಯ ವರ್ಷ.

ಇಟಲಿಯ ಕೆಲಸ ಒಂದೇ: ಈ ಜಿಗಿತಗಳನ್ನು ಹಿಡಿದು ಹಾಕುವುದು, ಬಾಲ್ಸಮೊಳನ್ನು ಕೊನೆಯವರೆಗೆ ಮುಂದಿನ ಗುಂಪಿನಲ್ಲೇ ಉಳಿಸುವುದು. ಗುಂಪು ಒಡೆಯದೆ ಗೆರೆಯ ಹತ್ತಿರ ಬಂದರೆ ಅವಳಿಗೆ ಅವಕಾಶ ಇದೆ. ಇಲ್ಲದಿದ್ದರೆ ಇಲ್ಲ. ಒಬ್ಬಳಿಗಾಗಿ ಇಡೀ ತಂಡ ತನ್ನ ರೇಸ್ ಬಿಟ್ಟುಕೊಟ್ಟಿತು. ಡಚ್ ತಂಡದಲ್ಲಿ ಗೆಲ್ಲಬಲ್ಲವರು ತುಂಬಾ ಜನ. ಅದೇ ಅವರಿಗೆ ತೊಡಕಾಯಿತು ಅಂತ ನನಗನಿಸುತ್ತದೆ. ಯಾರಿಗಾಗಿ ಯಾರು ಓಡಬೇಕು ಅನ್ನುವುದು ಕೊನೆಯ ನಿಮಿಷದವರೆಗೂ ಅವರ ಓಟದಲ್ಲಿ ಕಾಣಲಿಲ್ಲ.

ಈಗ ಕೊನೆಯ ಕಿಲೋಮೀಟರ್‌ಗೆ ಬರೋಣ. ಗುಂಪಿನ ಎದುರು ನೀಲಿ ಜರ್ಸಿ. ಅದು ಎಲಿಸಾ ಲೊಂಗೊ ಬೊರ್ಗಿನಿ. ಇಟಲಿಯ ಅತಿ ಹೆಸರಾಂತ ಸವಾರಳು. ರಿಯೊ ಮತ್ತು ಟೋಕಿಯೊ ಎರಡೂ ಒಲಿಂಪಿಕ್ಸ್‌ನಲ್ಲಿ ರೋಡ್ ರೇಸ್‌ನ ಕಂಚು ಗೆದ್ದವಳು. ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಾಲ್ಸಮೊ. ಬಾಲ್ಸಮೊಳ ಹಿಂದಿನ ಚಕ್ರದಲ್ಲಿ ವೋಸ್, ಒಬ್ಬಳೇ. ಅವಳಿಗಾಗಿ ಮುಂದೆ ಎಳೆಯುವ ಡಚ್ ಜರ್ಸಿ ಒಂದೂ ಇಲ್ಲ.

ಲೊಂಗೊ ಬೊರ್ಗಿನಿ ತಲೆ ತಗ್ಗಿಸಿ ಎಳೆಯುತ್ತಾಳೆ. ವೇಗ ಎಷ್ಟಿದೆ ಅಂದರೆ ಪಕ್ಕದಿಂದ ಬರಲು ಯಾರಿಗೂ ಆಗುವುದಿಲ್ಲ. ಕೊನೆಯ ದಾರಿ ಸ್ವಲ್ಪ ಏರು. ಇಂಥ ಕಡೆ ಬೇಗ ಸ್ಪ್ರಿಂಟ್ ಶುರು ಮಾಡಿದವರ ಕಾಲು ಗೆರೆ ಬರುವ ಮುಂಚೆಯೇ ಸೋಲುವುದು ಮಾಮೂಲು. ಬಾಲ್ಸಮೊ ಕಾಯುತ್ತಾಳೆ. ಲೊಂಗೊ ಬೊರ್ಗಿನಿ ಪಕ್ಕಕ್ಕೆ ಸರಿದಾಗ ಎದ್ದು ನಿಂತು ಪೆಡಲ್ ತುಳಿಯುತ್ತಾಳೆ. ವೋಸ್ ಅವಳ ಬೆನ್ನಿಂದ ಹೊರಗೆ ಬಂದು ಪಕ್ಕಕ್ಕೆ ಬರಲು ನೋಡುತ್ತಾಳೆ. ಒಂದು ಕ್ಷಣ ದಾಟಿಯೇಬಿಡುತ್ತಾಳೆ ಅನಿಸುತ್ತದೆ. ದಾಟುವುದಿಲ್ಲ. ವೋಸ್ ಕುಗ್ಗುತ್ತಾಳೆ, ಬಾಲ್ಸಮೊಳ ವೇಗ ಹಾಗೇ ಇರುತ್ತದೆ. ಗೆರೆ ದಾಟಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಗಾಳಿಯ ಲೆಕ್ಕ

ಇಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ಗೊತ್ತಿರಬೇಕು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ದಾಟಿದ ಮೇಲೆ ಸೈಕ್ಲಿಸ್ಟ್‌ನ ಶಕ್ತಿಯೆಲ್ಲ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬರ ಚಕ್ರದ ಹಿಂದೆ ಹತ್ತಿರದಲ್ಲಿ ಓಡಿದರೆ ಆ ಖರ್ಚಿನಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಅದಕ್ಕೇ ಸ್ಪ್ರಿಂಟರ್‌ಗಳಿಗೆ ಲೀಡ್‌ಔಟ್ ಬೇಕು. ತನ್ನ ಕಾಲು ಖಾಲಿ ಮಾಡಿಕೊಂಡು ಇನ್ನೊಬ್ಬಳಿಗೆ ಗಾಳಿ ತಡೆಯುವವಳು ಬೇಕು.

ಹಾಗಂತ ಹಿಂದೆ ಕೂತವರೆಲ್ಲ ಗೆಲ್ಲುವುದಿಲ್ಲ. ಮುಂದಿನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ನಡುವೆ ಒಂದು ಗೇಣು ಇದ್ದರೆ ಲಾಭ ಜಾಸ್ತಿ. ಅದೇ ಒಂದು ಮೀಟರ್ ಆದರೆ ಕಡಿಮೆ. ಒಂದು ಗೇಣಿನಲ್ಲಿ 60ರ ವೇಗದಲ್ಲಿ, ತಿರುವಿನಲ್ಲಿ, ಸುಮಾರು ನಾಲ್ಕು ತಾಸು ಓಡಿ ಸುಸ್ತಾದ ಮೇಲೆ ಗಾಬರಿ ಇಲ್ಲದೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ಬ್ರೇಕ್ ಮುಟ್ಟಬಾರದು. ಮುಟ್ಟಿದರೆ ಅಂತರ ಬೀಳುತ್ತದೆ. ಬಿದ್ದ ಅಂತರ ಮುಚ್ಚಲು ಮತ್ತೆ ಶಕ್ತಿ ಸುರಿಯಬೇಕು. ಅದೇ ಸ್ಪ್ರಿಂಟ್‌ಗೆ ಇಟ್ಟಿದ್ದ ಶಕ್ತಿ.

ಇದನ್ನು ಬಾಲ್ಸಮೊ ಎಲ್ಲಿ ಕಲಿತಳು ಅನ್ನುವುದು ಈ ಪ್ರಕರಣದ ತಿರುಳು.

ಬ್ರೇಕ್ ಇಲ್ಲದ ಸೈಕಲ್

ಬಾಲ್ಸಮೊ ಹುಟ್ಟಿದ್ದು 1998ರ ಫೆಬ್ರವರಿ 27ರಂದು, ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಕೂನೆಯೊದಲ್ಲಿ. ಆಲ್ಪ್ಸ್ ಬೆಟ್ಟಗಳ ಬುಡದ ಊರು. ಅಲ್ಲಿಯ ಹುಡುಗಿ ಬೆಟ್ಟ ಹತ್ತುವವಳಾಗಬೇಕಿತ್ತು ಅಲ್ವಾ? ಅವಳು ಆದದ್ದು ಸ್ಪ್ರಿಂಟರ್. ಕಾರಣ ಟ್ರ್ಯಾಕ್.

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ. ಗೇರ್ ಒಂದೇ. ಹಿಂದಿನ ಚಕ್ರ ತಿರುಗುತ್ತಿದ್ದರೆ ಪೆಡಲ್ ಕೂಡ ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸಿ ಸುಮ್ನೆ ಕೂರಲು ಆಗುವುದಿಲ್ಲ. 250 ಮೀಟರ್‌ನ ಸುತ್ತು. ತಿರುವುಗಳು ಗೋಡೆಯ ಹಾಗೆ ಎದ್ದು ನಿಂತಿರುತ್ತವೆ. ಮುಂದಿನವರ ವೇಗ ಕಡಿಮೆಯಾದರೆ ನಿಮಗಿರುವುದು ಎರಡೇ ದಾರಿ: ಕಾಲಲ್ಲೇ ವೇಗ ಹಿಡಿದುಕೊಳ್ಳುವುದು, ಇಲ್ಲವೇ ಹಲಗೆಯ ಮೇಲ್ಭಾಗಕ್ಕೆ ಏರುವುದು.

ಟೀಮ್ ಪರ್ಸ್ಯೂಟ್ ಅನ್ನುವ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕು ಜನ, 4 ಕಿಲೋಮೀಟರ್, 16 ಸುತ್ತು. ನಿಂತ ಜಾಗದಿಂದ ಹೊರಡಬೇಕು. ಎದುರಿನವಳು ಒಂದಷ್ಟು ಹೊತ್ತು ಗಾಳಿ ತಡೆಯುತ್ತಾಳೆ. ಆಮೇಲೆ ತಿರುವಿನಲ್ಲಿ ಮೇಲಕ್ಕೆ ಏರಿ, ಉಳಿದವರನ್ನು ಮುಂದೆ ಬಿಟ್ಟು, ಇಳಿದು ಕೊನೆಯವಳ ಚಕ್ರಕ್ಕೆ ಸೇರುತ್ತಾಳೆ. ಈ ಸೇರುವ ಗಳಿಗೆಯೇ ಕಷ್ಟದ್ದು. ಸ್ವಲ್ಪ ತಡವಾದರೂ ಕೊಂಡಿ ತಪ್ಪಿತು. ತಪ್ಪಿದವಳು ಆ ಪಂದ್ಯದಲ್ಲಿ ಮತ್ತೆ ಸೇರಿಕೊಳ್ಳುವುದು ಹೆಚ್ಚು ಕಡಿಮೆ ಅಸಾಧ್ಯ. ಸಮಯ ನೋಡುವುದು ಮೂರನೆಯವಳ ಚಕ್ರ ಗೆರೆ ದಾಟಿದಾಗ. ಹಾಗಾಗಿ ಒಬ್ಬಳು ಎಷ್ಟೇ ಬಲಶಾಲಿಯಾದರೂ ಪ್ರಯೋಜನವಿಲ್ಲ. ತಾನು ಎದುರಿಗೆ ಬಂದಾಗ ವೇಗ ಜಾಸ್ತಿ ಮಾಡಿದರೂ ತಪ್ಪೇ, ಹಿಂದಿನವರು ಒಡೆಯುತ್ತಾರೆ.

ಮ್ಯಾಡಿಸನ್ ಇನ್ನೂ ಬೇರೆ ತರಹ. ಒಂದು ದೇಶದ ಇಬ್ಬರು. ಒಬ್ಬಳು ರೇಸ್‌ನಲ್ಲಿ, ಇನ್ನೊಬ್ಬಳು ಮೇಲೆ ನಿಧಾನವಾಗಿ ಸುತ್ತುತ್ತಾ ಉಸಿರು ತೆಗೆದುಕೊಳ್ಳುತ್ತಾಳೆ. ಬದಲಾಗುವಾಗ ಕೈ ಹಿಡಿದು ಜೋಲಿ ಹೊಡೆದ ಹಾಗೆ ಮುಂದಕ್ಕೆ ಎಸೆಯಬೇಕು. 120 ಸುತ್ತು, ಹತ್ತು ಸುತ್ತಿಗೊಂದು ಸ್ಪ್ರಿಂಟ್. ಟ್ರ್ಯಾಕ್ ತುಂಬ ಮೂವತ್ತರಷ್ಟು ಸೈಕಲ್. ಯಾರು ರೇಸ್‌ನಲ್ಲಿದ್ದಾರೆ, ಯಾರು ವಿಶ್ರಾಂತಿಯಲ್ಲಿದ್ದಾರೆ ಅನ್ನುವುದನ್ನು ಕಣ್ಣಂಚಿನಲ್ಲೇ ಲೆಕ್ಕ ಇಡಬೇಕು.

ಬಾಲ್ಸಮೊ ಬೆಳೆದದ್ದು ಈ ಎರಡರಲ್ಲಿ. 2018ರಲ್ಲಿ ಆಪೆಲ್‌ಡೋರ್ನ್‌ನ ವಿಶ್ವ ಟ್ರ್ಯಾಕ್ ಕೂಟದಲ್ಲಿ ಟೀಮ್ ಪರ್ಸ್ಯೂಟ್ ಕಂಚು. 2020ರಲ್ಲಿ ಬರ್ಲಿನ್‌ನಲ್ಲಿ ಲೆತೀತ್ಸಿಯಾ ಪಾತೆರ್ನೊಸ್ತೆರ್ ಜೊತೆ ಮ್ಯಾಡಿಸನ್ ಕಂಚು. ಇವುಗಳ ಜೊತೆಗೆ ರಸ್ತೆಯೂ ಇತ್ತು. 2016ರಲ್ಲಿ ದೋಹಾದಲ್ಲಿ ಜೂನಿಯರ್ ವಿಶ್ವ ರೋಡ್ ಚಾಂಪಿಯನ್ ಆಗಿದ್ದಳು. 2020ರ ನವೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ವರ್ಲ್ಡ್ ಟೂರ್ ದರ್ಜೆಯ ಒಂದು ಹಂತ ಗೆದ್ದಿದ್ದಳು.

ಲೂವೆನ್‌ನ ವಿಡಿಯೋ ಮತ್ತೆ ನೋಡಿದರೆ ಇದೆಲ್ಲ ಕಾಣುತ್ತದೆ. ಲೊಂಗೊ ಬೊರ್ಗಿನಿ ಎಳೆಯುವಾಗ ಬಾಲ್ಸಮೊ ಕೂತಿರುವ ರೀತಿ ಟೀಮ್ ಪರ್ಸ್ಯೂಟ್‌ನ ಎರಡನೇ ಸವಾರಳದ್ದು. ಅಂತರ ಒಂದೇ ಸಮ. ತಲೆ ಅಲ್ಲಾಡುವುದಿಲ್ಲ. ವೋಸ್ ಎಲ್ಲಿದ್ದಾಳೆ ಅಂತ ಹಿಂದೆ ತಿರುಗಿ ತಿರುಗಿ ನೋಡುವುದಿಲ್ಲ. ಸ್ಪ್ರಿಂಟ್ ಶುರುವಾದ ಮೇಲೂ ಪೆಡಲ್ ತಿರುಗುವ ವೇಗ ಕೊನೆಯವರೆಗೆ ಇಳಿಯುವುದಿಲ್ಲ. ಒಂದೇ ಗೇರ್‌ನಲ್ಲಿ ವರ್ಷಗಟ್ಟಲೆ ತುಳಿದ ಕಾಲಿಗೆ ಬರುವ ಗುಣ ಇದು.

ಆದರೆ ವೋಸ್ ಕೂಡ ಟ್ರ್ಯಾಕ್‌ನವಳೇ

ಇಲ್ಲಿ ಯಾರಾದರೂ ನನ್ನನ್ನು ತಡೆಯಬಹುದು. ತಡೆಯಲೇಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕ್‌ನ ಪಾಯಿಂಟ್ಸ್ ರೇಸ್ ಚಿನ್ನ ಗೆದ್ದವಳು ಇದೇ ಮರಿಯಾನ್ ವೋಸ್. ಟ್ರ್ಯಾಕ್ ಕಲಿಸುವ ಕೈಚಳಕ ಅವಳಿಗೆ ಇಲ್ಲ ಅನ್ನುವ ಹಾಗಿಲ್ಲ. ಟ್ರ್ಯಾಕ್ ಒಂದರಿಂದಲೇ ಗೆಲ್ಲುವುದಾದರೆ ವೋಸ್ ಸೋಲಬೇಕಿರಲಿಲ್ಲ.

ಹಳೆಯ ಫಲಿತಾಂಶಗಳನ್ನು ತೆಗೆದು ನೋಡಿದರೆ ಒಂದು ವಿಚಿತ್ರ ಸಾಲು ಕಾಣುತ್ತದೆ. 2007ರಿಂದ 2011ರವರೆಗೆ ಸತತ ಐದು ವರ್ಷ ವೋಸ್ ವಿಶ್ವ ರೋಡ್ ರೇಸ್‌ನಲ್ಲಿ ಎರಡನೆಯವಳು. ಆ ಐದರಲ್ಲಿ ನಾಲ್ಕು ಸಲ ಅವಳನ್ನು ದಾಟಿದ್ದು ಇಟಲಿಯವರು. 2007ರಲ್ಲಿ ಮಾರ್ತಾ ಬಾಸ್ತಿಯಾನೆಲ್ಲಿ. 2009ರಲ್ಲಿ ತಾತ್ಯಾನಾ ಗುದೆರ್ಜೊ. 2010 ಮತ್ತು 2011ರಲ್ಲಿ ಜೋರ್ಜಾ ಬ್ರೊಂಜಿನಿ. ಬ್ರೊಂಜಿನಿಯ ದಾರಿಯಂತೂ ಬಾಲ್ಸಮೊಳ ದಾರಿಯೇ: 2009ರಲ್ಲಿ ಪೋಲೆಂಡ್‌ನ ಪ್ರುಶ್ಕೂಫ್‌ನಲ್ಲಿ ಪಾಯಿಂಟ್ಸ್ ರೇಸ್ ವಿಶ್ವ ಚಾಂಪಿಯನ್, ಮರುವರ್ಷ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ರೋಡ್ ಚಾಂಪಿಯನ್, ಅದರ ಮರುವರ್ಷ ಕೋಪನ್‌ಹೇಗನ್‌ನಲ್ಲಿ ಮತ್ತೆ. ಬಾಲ್ಸಮೊ ಸೇರಿದರೆ ವೋಸ್ ಇಟಲಿಯವರ ಹಿಂದೆ ಬೆಳ್ಳಿ ಪಡೆದದ್ದು ಐದು ಸಲ.

ಇದು ಬರೀ ಅದೃಷ್ಟ ಅಂತ ನಾನು ಒಪ್ಪುವುದಿಲ್ಲ. ಈ ಎಲ್ಲ ಗೆಲುವುಗಳ ಹಿಂದೆ ಒಬ್ಬರೇ ಕೋಚ್ ಇದ್ದರು, ದೀನೊ ಸಾಲ್ವೊಲ್ದಿ. ಇಟಲಿಯ ಮಹಿಳೆಯರ ರೋಡ್ ತಂಡವೂ ಅವರದ್ದೇ, ಟ್ರ್ಯಾಕ್ ತಂಡವೂ ಅವರದ್ದೇ. ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಇದು ಇಬ್ಬರು ಮಾಡುವ ಕೆಲಸ. ಟ್ರ್ಯಾಕ್‌ಗೆ ಒಬ್ಬರು, ರೋಡ್‌ಗೆ ಒಬ್ಬರು. ಇಬ್ಬರಿಗೂ ಅದೇ ಹುಡುಗಿ ಬೇಕು, ಅದೇ ವಾರ ಬೇಕು. ಹುಡುಗಿ ನಡುವೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಸಾಲ್ವೊಲ್ದಿ ಇದ್ದಾಗ ಇಟಲಿಯಲ್ಲಿ ಆ ಎಳೆದಾಟಕ್ಕೆ ಜಾಗವಿರಲಿಲ್ಲ. ಯಾವ ತಿಂಗಳು ಹಲಗೆ, ಯಾವ ತಿಂಗಳು ರಸ್ತೆ ಅಂತ ಒಬ್ಬರೇ ಕೂತು ನಿರ್ಧರಿಸಬಹುದಿತ್ತು. ಲೂವೆನ್ ಅವರ ಅವಧಿಯ ಕೊನೆಯ ದೊಡ್ಡ ರೋಡ್ ಗೆಲುವು. ಆ ವರ್ಷದ ಕೊನೆಗೆ ಅವರು ಆ ಜವಾಬ್ದಾರಿ ಬಿಟ್ಟರು. ಆಮೇಲೆ ರೋಡ್ ತಂಡ ಪಾವೊಲೊ ಸಾಂಗಾಲ್ಲಿಗೆ, ಟ್ರ್ಯಾಕ್ ತಂಡ ಮಾರ್ಕೊ ವಿಲ್ಲಾಗೆ ಹೋಯಿತು.

ಇನ್ನು ಆ ದಿನದ ಮಟ್ಟಿಗೆ ವೋಸ್ ಮತ್ತು ಬಾಲ್ಸಮೊ ನಡುವೆ ಇದ್ದ ನಿಜವಾದ ವ್ಯತ್ಯಾಸ ಲೊಂಗೊ ಬೊರ್ಗಿನಿ. ಇದನ್ನು ಒತ್ತಿ ಹೇಳಬೇಕು. ಅವಳು ಸ್ವತಃ ಗೆಲ್ಲಬಲ್ಲವಳು. ಅದಕ್ಕೂ ಮುಂಚೆ ಎರಡು ಸಲ ವಿಶ್ವ ಕಂಚು ಗೆದ್ದಿದ್ದಳು. ವಿಶ್ವ ಚಾಂಪಿಯನ್ ಹಾಕುವ ಕಾಮನಬಿಲ್ಲಿನ ಜರ್ಸಿ ಅವಳಿಗೆ ಸಿಕ್ಕಿಲ್ಲ. ಅಂಥವಳು ತನಗಿಂತ ಆರು ವರ್ಷ ಚಿಕ್ಕವಳಿಗಾಗಿ ಕೊನೆಯ ಕಿಲೋಮೀಟರ್ ಗಾಳಿ ಸೀಳಿದಳು. ಫಲಿತಾಂಶದ ಪಟ್ಟಿಯಲ್ಲಿ ಇದಕ್ಕೆ ಯಾವ ಪದಕವೂ ಇಲ್ಲ. ಆ ಪಟ್ಟಿ ಮಾತ್ರ ನೋಡಿದವರಿಗೆ ಈ ರೇಸ್ ಅರ್ಥವೇ ಆಗುವುದಿಲ್ಲ.

ಸಂಬಳ ಕೊಟ್ಟವರು ಯಾರು?

ಇನ್ನೊಂದು ಮಾತು, ಇದನ್ನು ಕ್ರೀಡಾ ಪುಟಗಳಲ್ಲಿ ಬರೆಯುವುದು ಕಡಿಮೆ. ಬಾಲ್ಸಮೊಳನ್ನು ನಾವು ವೃತ್ತಿಪರ ಸೈಕ್ಲಿಸ್ಟ್ ಅನ್ನುತ್ತೇವೆ. ಇಟಲಿಯ ಕಾನೂನಿನ ಕಣ್ಣಲ್ಲಿ ಅದು ಹಾಗಿರಲಿಲ್ಲ. 1981ರ 91ನೇ ಕಾನೂನು ಯಾವ ಆಟ ವೃತ್ತಿಪರ ಅನ್ನುವ ನಿರ್ಧಾರವನ್ನು ಆಯಾ ಕ್ರೀಡಾ ಸಂಸ್ಥೆಗಳಿಗೇ ಬಿಟ್ಟಿತು. ಸೈಕ್ಲಿಂಗ್‌ನಲ್ಲಿ ಗಂಡಸರು ವೃತ್ತಿಪರರು ಅನಿಸಿಕೊಂಡರು. ಹೆಂಗಸರು ಯಾವ ಆಟದಲ್ಲೂ ಅನಿಸಿಕೊಳ್ಳಲಿಲ್ಲ. ಮಹಿಳೆಯರಿಗೆ ಮೊದಲ ಸಲ ಆ ಮಾನ್ಯತೆ ಸಿಕ್ಕಿದ್ದು ಫುಟ್‌ಬಾಲ್‌ನಲ್ಲಿ, ಅದೂ 2022ರ ಜುಲೈನಲ್ಲಿ. ಅಂದರೆ ಲೂವೆನ್‌ನಲ್ಲಿ ವಿಶ್ವ ಚಾಂಪಿಯನ್ ಆದ ದಿನ ಬಾಲ್ಸಮೊ ತನ್ನ ದೇಶದ ಕಾಗದಪತ್ರಗಳಲ್ಲಿ ಹವ್ಯಾಸಿ.

ಸೈಕ್ಲಿಂಗ್‌ನ ಅಂತಾರಾಷ್ಟ್ರೀಯ ಸಂಸ್ಥೆ ಮಹಿಳೆಯರಿಗೆ ಕನಿಷ್ಠ ಸಂಬಳ ತಂದದ್ದೇ 2020ರಲ್ಲಿ. ಮೊದಲ ವರ್ಷ 15,000 ಯುರೊ, 2021ರಲ್ಲಿ 20,000. ಆದರೆ ಅದು ವರ್ಲ್ಡ್ ಟೂರ್ ತಂಡಗಳಿಗೆ ಮಾತ್ರ. ವಾಲ್ಕಾರ್ ತರಹದ ಕಾಂಟಿನೆಂಟಲ್ ತಂಡಗಳಿಗೆ ಆ ನಿಯಮ ಇರಲಿಲ್ಲ.

ಈ ಕಂದಕ ತುಂಬಿದ್ದು ಪೊಲೀಸ್ ಇಲಾಖೆ. ಬಾಲ್ಸಮೊ ಇಟಲಿಯ ರಾಜ್ಯ ಪೊಲೀಸರ ಕ್ರೀಡಾ ವಿಭಾಗ ಫಿಯಾಮ್ಮೆ ಓರೊಗೆ ಸೇರಿದವಳು. ಲೊಂಗೊ ಬೊರ್ಗಿನಿಯೂ ಅಲ್ಲಿಯವಳೇ. ಪಾತೆರ್ನೊಸ್ತೆರ್ ಜೈಲು ಪೊಲೀಸರ ಫಿಯಾಮ್ಮೆ ಅಜ್ಜುರ್ರೆಯವಳು. ನಮ್ಮಲ್ಲಿ ರೈಲ್ವೆ, ಪೊಲೀಸ್ ಇಲಾಖೆಗಳು ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟು ಆಟಗಾರರನ್ನು ಸಾಕಿದ ಹಾಗೆಯೇ ಇದು. ತಿಂಗಳ ಸಂಬಳ ಬರುತ್ತದೆ, ಅಭ್ಯಾಸಕ್ಕೆ ಸಮಯ ಸಿಗುತ್ತದೆ, ಬಿದ್ದು ಮೂಳೆ ಮುರಿದರೂ ಮನೆ ನಡೆಯುತ್ತದೆ.

ಟ್ರ್ಯಾಕ್‌ಗೆ ಇದು ಎಷ್ಟು ಮುಖ್ಯ ಅಂತ ಯೋಚಿಸಿ. ರೋಡ್ ತಂಡದ ಪ್ರಾಯೋಜಕರಿಗೆ ಬೇಕಿರುವುದು ರಸ್ತೆಯ ಮೇಲಿನ ಜಾಹೀರಾತು. ತಾವು ಸಂಬಳ ಕೊಡುವ ಸವಾರಳು ವಾರಗಟ್ಟಲೆ ಮೊಂತಿಕ್ಯಾರಿಯ ಒಳಾಂಗಣ ಟ್ರ್ಯಾಕ್‌ನಲ್ಲಿ, ದೇಶದ ಜರ್ಸಿಯಲ್ಲಿ ಸುತ್ತು ಹೊಡೆದರೆ ಅವರಿಗೇನು ಸಿಕ್ಕಿತು? ಪೊಲೀಸ್ ಸಂಬಳ ಇದ್ದವಳು ಮಾತ್ರ ಆ ಒತ್ತಡವನ್ನು ಸ್ವಲ್ಪ ತಡೆದುಕೊಳ್ಳಬಲ್ಲಳು. ವಾಲ್ಕಾರ್ ತಂಡಕ್ಕೂ ಇಲ್ಲಿ ಶ್ರೇಯ ಸಲ್ಲಬೇಕು. ಬೆರ್ಗಾಮೊ ಕಡೆಯ ಆ ತಂಡ, ಡೈರೆಕ್ಟರ್ ದಾವಿದೆ ಆರ್ಜೆನಿ ಜೊತೆ, ಬಾಲ್ಸಮೊ, ಕಿಯಾರಾ ಕೊನ್ಸೊನ್ನಿ, ವಿತ್ತೊರಿಯಾ ಗುವಾತ್ಸಿನಿ ಮೂವರನ್ನೂ ಬೆಳೆಸಿತು. ಮೂವರೂ ಟ್ರ್ಯಾಕ್ ಬಿಡಲಿಲ್ಲ. ಇದರ ನಡುವೆ ಬಾಲ್ಸಮೊ ತುರಿನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವನ್ನೂ ಓದುತ್ತಿದ್ದಳು.

ಸೋತ ಟೋಕಿಯೊ, ಗೆದ್ದ ವಸಂತ

ಲೂವೆನ್‌ಗೆ ಏಳು ವಾರ ಮುಂಚೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬಾಲ್ಸಮೊ ಬರಿಗೈಲಿ ಬಂದಿದ್ದಳು. ಇಟಲಿಯ ಮಹಿಳೆಯರ ಟೀಮ್ ಪರ್ಸ್ಯೂಟ್ ಪದಕಕ್ಕೆ ಮುಟ್ಟಲಿಲ್ಲ. ನಾಲ್ಕು ಬಗೆಯ ಟ್ರ್ಯಾಕ್ ಪಂದ್ಯ ಸೇರಿದ ಓಮ್ನಿಯಮ್‌ನಲ್ಲಿ ಅವಳು ಬಿದ್ದಳು. ನಾಲ್ಕೈದು ವರ್ಷ ಅದಕ್ಕಾಗಿಯೇ ತಯಾರಾದವಳಿಗೆ ಅದು ಸಣ್ಣ ಪೆಟ್ಟಲ್ಲ. ಆದರೂ ಆ ತಯಾರಿ ಹಾಳಾಗಲಿಲ್ಲ. ಟೋಕಿಯೊಗಾಗಿ ಕಟ್ಟಿದ ಕಾಲಿನ ವೇಗವೇ ಸೆಪ್ಟೆಂಬರ್‌ನಲ್ಲಿ ರಸ್ತೆಯ ಮೇಲೆ ಕೆಲಸಕ್ಕೆ ಬಂತು ಅನ್ನುವುದು ನನ್ನ ಎಣಿಕೆ. ಲೂವೆನ್ ಆದ ಒಂದು ತಿಂಗಳಿಗೆ ರೂಬೆಯ ವಿಶ್ವ ಟ್ರ್ಯಾಕ್ ಕೂಟದಲ್ಲಿ ಟೀಮ್ ಪರ್ಸ್ಯೂಟ್ ಬೆಳ್ಳಿ. ರೋಡ್ ಚಾಂಪಿಯನ್ ಆದೆ ಅಂತ ಹಲಗೆ ಬಿಡಲಿಲ್ಲ.

2022ಕ್ಕೆ ಅವಳು ಟ್ರೆಕ್-ಸೆಗಾಫ್ರೆಡೊ ತಂಡ ಸೇರಿದಳು. ಲೊಂಗೊ ಬೊರ್ಗಿನಿ ಇದ್ದ ತಂಡ. ಲೂವೆನ್‌ನ ಜೋಡಿ ಈಗ ವರ್ಷಪೂರ್ತಿ ಒಂದೇ ಬಸ್ಸಿನಲ್ಲಿ. ಮಾರ್ಚ್‌ನಲ್ಲಿ ಏನಾಯಿತು ನೋಡಿ: 20ಕ್ಕೆ ಇಟಲಿಯ ಅಲ್ಫ್ರೆದೊ ಬಿಂದಾ ಟ್ರೋಫಿ, 24ಕ್ಕೆ ಬೆಲ್ಜಿಯಂನ ಬ್ರೂಹೆ-ಡೆ ಪಾನೆ, 27ಕ್ಕೆ ಗೆಂಟ್-ವೆವೆಲ್ಗೆಮ್. ಎಂಟು ದಿನದಲ್ಲಿ ಮೂರು ವರ್ಲ್ಡ್ ಟೂರ್ ಗೆಲುವು, ಮೂರೂ ಕಾಮನಬಿಲ್ಲಿನ ಜರ್ಸಿಯಲ್ಲಿ. ಡೆ ಪಾನೆಯಲ್ಲಿ ಸೋತವಳು ಆ ಕಾಲದ ಅತಿ ವೇಗದ ಸ್ಪ್ರಿಂಟರ್ ಲೊರೆನಾ ವೀಬೆಸ್. ಗೆಂಟ್-ವೆವೆಲ್ಗೆಮ್‌ನಲ್ಲಿ ಎರಡನೆಯವಳು ಮತ್ತೆ ಮರಿಯಾನ್ ವೋಸ್. ವಿಶ್ವ ಚಾಂಪಿಯನ್ ಆದವರಿಗೆ ಮರುವರ್ಷ ಗೆಲುವು ಸಿಗುವುದಿಲ್ಲ ಅಂತ ಸೈಕ್ಲಿಂಗ್‌ನಲ್ಲಿ ಒಂದು ನಂಬಿಕೆ ಇದೆ. ಆ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಅದೇ ಏಪ್ರಿಲ್‌ನಲ್ಲಿ ಪ್ಯಾರಿಸ್-ರೂಬೆ ರೇಸ್‌ನಿಂದ ಅವಳನ್ನು ಹೊರಹಾಕಿದರು. ಹಿಂದೆ ಬಿದ್ದಾಗ ತಂಡದ ಕಾರಿನ ನೆರವು ನಿಯಮ ಮೀರಿ ಪಡೆದಳು ಅನ್ನುವುದು ಕಾರಣ. ನಿಯಮ ನಿಯಮವೇ, ಅದರಲ್ಲಿ ಎರಡು ಮಾತಿಲ್ಲ. ಆ ದಿನ ರೇಸ್ ಗೆದ್ದದ್ದು ಲೊಂಗೊ ಬೊರ್ಗಿನಿ. ವರ್ಷದ ಕೊನೆಗೆ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಸೇಂಟ್ ಕ್ವೆಂತಾನ್ ಟ್ರ್ಯಾಕ್‌ನಲ್ಲಿ ಬಾಲ್ಸಮೊ, ಕೊನ್ಸೊನ್ನಿ, ಗುವಾತ್ಸಿನಿ, ಮಾರ್ತೀನಾ ಫಿದಾಂಜಾ ಸೇರಿ ಬ್ರಿಟನ್ ತಂಡವನ್ನು ಸೋಲಿಸಿ ಟೀಮ್ ಪರ್ಸ್ಯೂಟ್ ವಿಶ್ವ ಪಟ್ಟ ಗೆದ್ದರು. ರಸ್ತೆಯಲ್ಲಿ ಮತ್ತು ಟ್ರ್ಯಾಕ್‌ನಲ್ಲಿ ಎರಡೂ ಕಡೆ ಕಾಮನಬಿಲ್ಲು, 24ನೇ ವಯಸ್ಸಿಗೆ.

ಎರಡು ದೋಣಿಯ ಬೆಲೆ

ಈ ಪ್ರಕರಣವನ್ನು ಗೆಲುವಿನ ಕಥೆ ಮಾತ್ರ ಮಾಡಿದರೆ ಅನ್ಯಾಯವಾಗುತ್ತದೆ. ಎರಡು ಕಡೆ ಆಡುವವಳ ವರ್ಷಕ್ಕೆ ಬಿಡುವೇ ಇರುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬೆಲ್ಜಿಯಂನ ಕ್ಲಾಸಿಕ್ಸ್, ಅಂದರೆ ಒಂದು ದಿನದ ದೊಡ್ಡ ರೇಸ್‌ಗಳು. ಬೇಸಿಗೆಯಲ್ಲಿ ಬಹುದಿನದ ರೇಸ್‌ಗಳಾದ ಇಟಲಿಯ ಜೀರೊ ಮತ್ತು ಫ್ರಾನ್ಸ್‌ನ ಟೂರ್. ಸೆಪ್ಟೆಂಬರ್‌ನಲ್ಲಿ ವಿಶ್ವ ರೋಡ್ ಕೂಟ. ಉಳಿದವರು ಬ್ಯಾಗ್ ಕಟ್ಟಿ ಮನೆಗೆ ಹೋಗುವ ಅಕ್ಟೋಬರ್‌ನಲ್ಲಿ ವಿಶ್ವ ಟ್ರ್ಯಾಕ್ ಕೂಟ. ಟ್ರ್ಯಾಕ್‌ಗೆ ಬೇಕಾದ ಸ್ನಾಯುಬಲ ದೊಡ್ಡ ಬೆಟ್ಟಗಳಲ್ಲಿ ಹೊರೆಯಾಗುತ್ತದೆ. ಹಾಗಾಗಿ ಟೂರ್ ತರಹದ ಬಹುದಿನದ ರೇಸ್‌ನ ಒಟ್ಟು ಪಟ್ಟ ಅವಳ ಲೆಕ್ಕದಲ್ಲೇ ಇಲ್ಲ.

ಸ್ಪ್ರಿಂಟರ್‌ಗಳು ಬೀಳುವುದೂ ಜಾಸ್ತಿ. 2023ರ ಮೇ ತಿಂಗಳಲ್ಲಿ ಇಂಗ್ಲೆಂಡ್‌ನ ರೈಡ್‌ಲಂಡನ್ ರೇಸ್‌ನ ಮೊದಲ ಹಂತದಲ್ಲಿ ಬಾಲ್ಸಮೊ ಬಿದ್ದು ದವಡೆ ಮುರಿದುಕೊಂಡಳು, ಕೈಗೂ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಬೇಕಾಯಿತು. ಕಾಲು ಗಟ್ಟಿಯಿದ್ದರೂ ದವಡೆ ಮುರಿದ ಸೈಕ್ಲಿಸ್ಟ್ ಓಡುವ ಹಾಗಿಲ್ಲ. ಈ ಆಟದಲ್ಲಿ ತಿನ್ನುವುದೂ ಅಭ್ಯಾಸದಷ್ಟೇ ದೊಡ್ಡ ಕೆಲಸ. ಅವಳ ಅತ್ಯುತ್ತಮ ವರ್ಷಗಳಲ್ಲಿ ಒಂದರ ಬೇಸಿಗೆ ಹೀಗೆ ಹೋಯಿತು.

2024ರಲ್ಲಿ ಅವಳು ಮರಳಿದ ರೀತಿ ನೋಡಿದರೆ ಟ್ರ್ಯಾಕ್‌ನ ಪಾಠ ಎಲ್ಲೂ ಹೋಗಿಲ್ಲ ಅನ್ನುವುದು ಗೊತ್ತಾಗುತ್ತದೆ. ಬಿಂದಾ ಟ್ರೋಫಿ ಮತ್ತು ಡೆ ಪಾನೆ ಎರಡನ್ನೂ ಮತ್ತೆ ಗೆದ್ದಳು. ಏಪ್ರಿಲ್ 6ರಂದು ಪ್ಯಾರಿಸ್-ರೂಬೆ. ಕಲ್ಲುಹಾಸಿನ ಆ ರೇಸ್ ಮುಗಿಯುವುದು ರೂಬೆಯ ಹಳೆಯ ಬಯಲು ಸೈಕಲ್ ಟ್ರ್ಯಾಕ್ ಆದ ವೆಲೊಡ್ರೋಮ್‌ನಲ್ಲಿ. ಚಿಕ್ಕ ಗುಂಪೊಂದು ಒಟ್ಟಿಗೆ ಒಳಗೆ ಬಂತು. ಈಗ ಅವಳಿಗೆ ಗಾಳಿ ತಡೆದದ್ದು ಎಲೆನ್ ವಾನ್ ಡೈಕ್, ಲೂವೆನ್‌ನಲ್ಲಿ ಎದುರಾಳಿ ತಂಡದಲ್ಲಿದ್ದ ಡಚ್ ಸವಾರಳು, ಆಗ ಅವಳದ್ದೇ ತಂಡದ ಸಂಗಾತಿ. ಗೆದ್ದವಳು ಬೆಲ್ಜಿಯಂನ ಲೊಟ್ಟೆ ಕೊಪೆಕಿ, ಆಗಿನ ವಿಶ್ವ ಚಾಂಪಿಯನ್, ಅವಳೂ ಟ್ರ್ಯಾಕ್‌ನಲ್ಲಿ ವಿಶ್ವ ಪಟ್ಟ ಗೆದ್ದವಳೇ. ಬಾಲ್ಸಮೊ ಎರಡನೆಯವಳು. ಬ್ರಿಟನ್‌ನ ಫೈಫರ್ ಜಾರ್ಜಿ ಮೂರನೆಯವಳು. ವೋಸ್ ನಾಲ್ಕನೆಯವಳು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಟೀಮ್ ಪರ್ಸ್ಯೂಟ್ ನಾಲ್ಕನೇ ಸ್ಥಾನಕ್ಕೆ ನಿಂತಿತು. ಆದರೆ ಮ್ಯಾಡಿಸನ್‌ನಲ್ಲಿ ಕೊನ್ಸೊನ್ನಿ ಮತ್ತು ಗುವಾತ್ಸಿನಿ ಚಿನ್ನ ಗೆದ್ದರು. ಇಬ್ಬರೂ ವಾಲ್ಕಾರ್‌ನಲ್ಲಿ ಬಾಲ್ಸಮೊ ಜೊತೆ ಬೆಳೆದವರು. ಬಾಲ್ಸಮೊಗೆ ಒಲಿಂಪಿಕ್ ಪದಕ ಇನ್ನೂ ಇಲ್ಲ. ಅವಳ ಆಟವನ್ನು ಇಷ್ಟಪಡುವ ನನಗೆ ಇದು ನೋವಿನ ವಿಷಯ. ಆದರೂ ಟ್ರ್ಯಾಕ್‌ಗೆ ಕೊಟ್ಟ ವರ್ಷಗಳು ದಂಡ ಅನ್ನುವವರ ಜೊತೆ ನಾನು ಒಪ್ಪಲಾರೆ. ಹಲಗೆಯ ಮೇಲೆ ಆ ವರ್ಷಗಳು ಇರದಿದ್ದರೆ ಲೂವೆನ್‌ನಲ್ಲಿ ಲೊಂಗೊ ಬೊರ್ಗಿನಿಯ ಚಕ್ರ ಅವಳಿಗೆ ಅಷ್ಟು ಹತ್ತಿರದಲ್ಲಿ ಸಿಗುತ್ತಿರಲಿಲ್ಲ.

2025ರ ಮಾರ್ಚ್‌ನಲ್ಲಿ ಅವಳು ಬಿಂದಾ ಟ್ರೋಫಿಯನ್ನು ಮೂರನೇ ಸಲ ಗೆದ್ದಳು. ಬಿಂದಾ ಸಪಾಟಾದ ರೇಸ್ ಅಲ್ಲ. ವಾರೆಸೆ ಜಿಲ್ಲೆಯ ಗುಡ್ಡಗಳಲ್ಲಿ ಓರಿನೊ ಏರನ್ನು ಮತ್ತೆ ಮತ್ತೆ ಹತ್ತಿಸಿ, ಬರೀ ಸ್ಪ್ರಿಂಟರ್ ಆದವರನ್ನು ಉದುರಿಸಿ, ಉಳಿದವರನ್ನು ಚಿತ್ತೀಲ್ಯೊ ಊರಿನ ಗೆರೆಗೆ ತಂದು ಬಿಡುವ ರೇಸ್. ಆ ಹೊತ್ತಿಗೆ ಲೊಂಗೊ ಬೊರ್ಗಿನಿ ಬೇರೆ ತಂಡಕ್ಕೆ ಹೋಗಿದ್ದಳು. ಇಬ್ಬರು ಎಲಿಸಾಗಳು ಈಗ ಒಟ್ಟಿಗೆ ಓಡುವುದು ಮತ್ತೆ ದೇಶದ ನೀಲಿ ಜರ್ಸಿಯಲ್ಲಿ ಮಾತ್ರ.